ಸೊಮಾಲಿ ಮತ ಒಂದೇ ಗಂಟಲ್ಲ

ಮಂಡ್ಯದಲ್ಲಿ ಟಿಕೆಟ್ ಯಾರಿಗೆ ಅನ್ನೋದು ಬೆಂಗಳೂರಲ್ಲೋ ದಿಲ್ಲಿಯಲ್ಲೋ ತೀರ್ಮಾನವಾಗುತ್ತೆ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಬೆಂಬಲದ ಲೆಕ್ಕ ಬೂತ್ ಮಟ್ಟದಲ್ಲಿ ಪಕ್ಷದವರು ಸೇರುವ ಕಾಕಸ್ ಸಭೆಯಿಂದಲೇ ಶುರು. ಆಫ್ರಿಕಾದ ಸೊಮಾಲಿಯಾದಿಂದ ಅಲ್ಲಿಗೆ ವಲಸೆ ಹೋದ ಸೊಮಾಲಿಗಳು ಹಿಡಿದದ್ದು ಈ ದಾರಿಯನ್ನೇ.

ಸಭೆಗೆ ಬಂದವರು ಪ್ರತಿನಿಧಿಗಳನ್ನು ಆರಿಸುತ್ತಾರೆ. ಸಮಾವೇಶದಲ್ಲಿ ಆ ಪ್ರತಿನಿಧಿಗಳ ಶೇ. 60 ಮತ ಸಿಕ್ಕರೆ ಪಕ್ಷದ ಬೆಂಬಲ ಖಾತ್ರಿ. ಕಾಕಸ್‌ಗೆ ಬರೋರೇ ಕಮ್ಮಿ. ಒಂದು ಅಪಾರ್ಟ್‌ಮೆಂಟಿನ ಜನ ಒಟ್ಟಾಗಿ ಎದ್ದು ಬಂದರೆ ಫಲಿತಾಂಶವೇ ತಿರುಗುತ್ತೆ. 2012ರಲ್ಲಿ ವಾರ್ಡ್‌ಗಳ ಗಡಿ ಬದಲಾಗಿ ಸೊಮಾಲಿಗಳು ದಟ್ಟವಾಗಿರುವ ಸೀಡರ್-ರಿವರ್‌ಸೈಡ್ ಬಡಾವಣೆ ಆರನೇ ವಾರ್ಡಿಗೆ ಸೇರಿತು. ಮರುವರ್ಷವೇ ಸೊಮಾಲಿ ಮೂಲದ ಅಬ್ದಿ ವಾರ್ಸಮೆ ಅಲ್ಲಿಂದ ನಗರ ಪರಿಷತ್ತಿಗೆ ಗೆದ್ದರು. ಸೊಮಾಲಿ ಮೂಲದವರೇ ಆದ ಇಲ್ಹಾನ್ ಒಮರ್ 2016ರಲ್ಲಿ ರಾಜ್ಯದ ಶಾಸನಸಭೆಗೆ, 2018ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.

ಜಾತಿ ಲೆಕ್ಕ ಬಲ್ಲ ನಮ್ಮ ಕಡೆಯವರಿಗೆ ಸೊಮಾಲಿಗಳ ಕುಲದ ವಿಚಾರ ಬೇಗ ಅರ್ಥವಾದೀತು. ಸೊಮಾಲಿಯಾದ ಸಂಸತ್ತಿಗೆ 2000ದಲ್ಲಿ ತಂದದ್ದು 4.5 ಸೂತ್ರ: ದಾರೋದ್, ಹವಿಯೆ, ದಿರ್, ದಿಗಿಲ್-ಮಿರಿಫ್ಲೆ ಎಂಬ ನಾಲ್ಕು ಕುಲಗಳಿಗೆ ತಲಾ ಒಂದು ಪಾಲು, ಉಳಿದೆಲ್ಲರಿಗೂ ಸೇರಿ ಅರ್ಧ. ಆ ಅರ್ಧ ಪಾಲಿನ ಅನ್ಯಾಯ ನನ್ನನ್ನು ಬಹಳ ಕಾಡುತ್ತೆ. ವಲಸೆ ಹೋದಲ್ಲಿ ಈ ಸೂತ್ರವಿಲ್ಲ, ಆದರೆ ನೆಂಟಸ್ತಿಕೆಯ ಫೋನ್ ಕರೆಗಳಿವೆ. ಇಬ್ಬರು ಸೊಮಾಲಿ ಅಭ್ಯರ್ಥಿಗಳು ಎದುರುಬದುರಾದರೆ ಒಗ್ಗಟ್ಟು ಸಡಿಲಾಗುವುದು ಅಲ್ಲೇ.

ಸಮಾವೇಶದ ಎಣಿಕೆಯೂ ಕೈಕೊಡಬಹುದು. 2025ರ ಜುಲೈನಲ್ಲಿ ಮಿನ್ನಿಯಾಪೊಲಿಸ್ ಮೇಯರ್ ಸ್ಥಾನಕ್ಕೆ ಸೊಮಾಲಿ ಮೂಲದ ಒಮರ್ ಫತೇಹ್‌ಗೆ ಸಿಕ್ಕ ಪಕ್ಷದ ಬೆಂಬಲವನ್ನು, ಎಲೆಕ್ಟ್ರಾನಿಕ್ ಮತದಾನದಲ್ಲಿ ಲೋಪವಿದೆಯೆಂದು ರಾಜ್ಯ ಘಟಕ ಆಗಸ್ಟ್‌ನಲ್ಲಿ ರದ್ದು ಮಾಡಿತು.