ಕನ್ನಡ ಓದಿ ತೀರ್ಮಾನ ಮಾಡುವವರು ಎಷ್ಟು ಜನ ಇದ್ದಾರೆ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್, ಯಾವ ಕಂಪನಿಯೇ ಆಗಲಿ, ನನ್ನದು ಒಂದೇ ಪ್ರಶ್ನೆ. ಕನ್ನಡದಲ್ಲಿ ಬರೆದ ಬೆದರಿಕೆಯನ್ನೋ ಸುಳ್ಳು ಸುದ್ದಿಯನ್ನೋ ಓದಿ, ಅರ್ಥ ಮಾಡಿಕೊಂಡು, ಇದನ್ನು ತೆಗೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ? ನೂರು? ಹತ್ತು? ಇಬ್ಬರು? 2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಎಂದು ಬರೆಸಿದವರೇ 4.37 ಕೋಟಿ ಜನ. ಇಷ್ಟು ಜನರಿಗೆ ಸೇರಿದ ಒಂದು ಲೆಕ್ಕ ಕೇಳುವುದು ಅತಿಯಾಸೆ ಏನಲ್ಲ.

ನಾನು ಪುಸ್ತಕಗಳ ಬಗ್ಗೆ ಮಾತಾಡುವ ಒಂದು ಕನ್ನಡ ಗುಂಪಿನ ಅಡ್ಮಿನ್‌ಗಳಲ್ಲಿ ಒಬ್ಬಳು. ಪುಸ್ತಕದ ಗುಂಪಲ್ವಾ, ಅಲ್ಲಿ ಏನು ಗಲಾಟೆ ಅನ್ನಿಸಬಹುದು. ಒಮ್ಮೆ ನಮ್ಮ ಸದಸ್ಯೆಯೊಬ್ಬರು ತಮ್ಮ ಊರಿನ ದೇವಸ್ಥಾನದಲ್ಲಿ ಇನ್ನೂ ನಡೆಯುವ ಪಂಕ್ತಿಭೇದದ ಬಗ್ಗೆ ಬರೆದರು. ಕೆಳಗೆ ಒಬ್ಬ ಬಂದು "ಅಕ್ಕಾ, ನಿಮ್ಮ ಮನೆ ಯಾವ ಬೀದಿ ಅಂತ ಗೊತ್ತಿದೆ. ಹುಡುಗರನ್ನ ಕಳಿಸ್ತೀವಿ, ಚೆನ್ನಾಗಿ ವಿಚಾರಿಸ್ಕೊಳ್ತಾರೆ" ಎಂದು ಹಾಕಿದ. ನಾವು ಅದನ್ನು ಗುಂಪಿನಿಂದ ತೆಗೆದೆವು, ಅವನು ಅದನ್ನೇ ತನ್ನ ಗೋಡೆಯ ಮೇಲೆ ಅವರ ಫೋಟೊ ಜೊತೆ ಹಾಕಿಕೊಂಡ. ಗುಂಪಿನ ಎಷ್ಟೋ ಜನ ರಿಪೋರ್ಟ್ ಮಾಡಿದರು. ಎಲ್ಲರಿಗೂ ಬಂದ ಉತ್ತರ ಒಂದೇ: ಇದು ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ. ಆ ಹೆಣ್ಣುಮಗಳು ಖಾತೆಯನ್ನೇ ಮುಚ್ಚಿ ಹೋದರು. ಅಷ್ಟು ಚೆನ್ನಾಗಿ ಬರೆಯುತ್ತಿದ್ದವರು. ನನಗೆ ಇವತ್ತಿಗೂ ಸಿಟ್ಟಿದೆ.

ಆ ಕಾಮೆಂಟನ್ನು ಇನ್ನೊಮ್ಮೆ ಓದಿ. ಒಂದೇ ಒಂದು ಬೈಗುಳ ಇಲ್ಲ. ಹೊಡೆಯುವ, ಕಡಿಯುವ ಮಾತಿಲ್ಲ. "ಅಕ್ಕಾ" ಅಂತ ಮರ್ಯಾದೆ ಬೇರೆ. ಕನ್ನಡದಲ್ಲಿ ನಿಜವಾದ ಬೆದರಿಕೆ ಬಹಳ ಸಲ ಹೀಗೇ ಬರುತ್ತದೆ. "ಒಂದು ಗತಿ ಕಾಣಿಸ್ತೀವಿ", "ಮನೆಗೇ ಬಂದು ಸನ್ಮಾನ ಮಾಡ್ತೀವಿ". ಇತ್ತ ಹೋಂವರ್ಕ್ ಮಾಡದ ಮಗನಿಗೆ ಅಮ್ಮ "ಚರ್ಮ ಸುಲಿದುಬಿಡ್ತೀನಿ" ಅನ್ನುತ್ತಾಳೆ, ಒಳ್ಳೆ ಜೋಕು ಹೇಳಿದ ಗೆಳೆಯನಿಗೆ "ಕೊಂದೇ ಬಿಟ್ಯಲ್ಲೋ ಮಾರಾಯ" ಅನ್ನುತ್ತೇವೆ. ಪೋಸ್ಟ್ ಪರಿಶೀಲಿಸುವ ಸಾಫ್ಟ್‌ವೇರ್ ಯಂತ್ರ ಬರೀ ಪದ ಹುಡುಕಿದರೆ ಅಮ್ಮನನ್ನು ಹಿಡಿಯುತ್ತದೆ, ಆ ಮನುಷ್ಯನನ್ನು ಬಿಡುತ್ತದೆ. ಕನ್ನಡ ಬಲ್ಲ ಯಾರಾದರೂ ಅದನ್ನು ಕಣ್ಣಾರೆ ಓದಿದ್ದರೆ ಅರ್ಧ ನಿಮಿಷವೂ ಬೇಕಿರಲಿಲ್ಲ.

ಯಂತ್ರಕ್ಕೆ ಕಲಿಸಬಹುದಲ್ಲ ಅನ್ನುತ್ತೀರಿ. ಕಲಿಸಬಹುದು, ಕಲಿಸುತ್ತಲೂ ಇದ್ದಾರೆ. ಆದರೆ ಕಲಿಸಲು ಮೊದಲು ಮನುಷ್ಯರು ಓದಿ ಗುರುತು ಹಾಕಿದ ಸಾವಿರಾರು ಉದಾಹರಣೆ ಬೇಕು. 2021ರಲ್ಲಿ ದ್ರಾವಿಡ ಭಾಷೆಗಳಲ್ಲಿ ನಿಂದನೆ ಗುರುತಿಸುವ ಒಂದು ಸಂಶೋಧನಾ ಸ್ಪರ್ಧೆ ನಡೆಯಿತು, ಯೂಟ್ಯೂಬ್ ಕಾಮೆಂಟುಗಳನ್ನು ಬಳಸಿ. ತಮಿಳಿಗೆ 40,000ಕ್ಕೂ ಜಾಸ್ತಿ ಕಾಮೆಂಟುಗಳಿದ್ದವು, ಮಲಯಾಳಂಗೆ ಸುಮಾರು 20,000. ಕನ್ನಡಕ್ಕೆ 8,000ವೂ ಇರಲಿಲ್ಲ. ಅದನ್ನು ಕೂಡಿಸಿದವರ ಮೇಲೆ ನನಗೆ ಗೌರವವೇ ಇದೆ, ಹೊಲಸನ್ನು ಒಂದೊಂದಾಗಿ ಓದುವ ಕೆಲಸ ಅದು. ಆದರೆ ನಮ್ಮ ಜನ ಬರೆಯುವ ರೀತಿ ನೋಡಿ. ಅರ್ಧ ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಒಂದು "ಬೇಡ"ಕ್ಕೇ ನಾಲ್ಕಾರು ಸ್ಪೆಲ್ಲಿಂಗ್, ಧಾರವಾಡದ ಕಡೆಯವರು ಬರೆದರೆ ಅದು "ಬ್ಯಾಡ". ಬೆಂಗಳೂರಿನ ಬೈಗುಳ ಕಲಬುರಗಿಯಲ್ಲಿ ನಡೆಯದು. ಕುಂದಾಪುರದಲ್ಲಿ ಪ್ರೀತಿಯಿಂದ ಅನ್ನುವುದು ಮೈಸೂರಿನಲ್ಲಿ ಜಗಳಕ್ಕೆ ದಾರಿ. ಜಾತಿಯ ಬೈಗುಳವಂತೂ ಹೋಬಳಿ ಹೋಬಳಿಗೂ ಬೇರೆ. 8,000 ಕಾಮೆಂಟಿನಲ್ಲಿ ಇದೆಲ್ಲ ಎಲ್ಲಿ ಹಿಡಿಯುತ್ತದೆ?

ಭಾಷೆ ಬಲ್ಲ ಜನ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮ್ಯಾನ್ಮಾರ್ ಇದೆ. 2014ರಲ್ಲಿ ಅಲ್ಲಿಗೆ ಹೊರಗಿನ ಮೊಬೈಲ್ ಕಂಪನಿಗಳು ಬಂದವು. ಅಲ್ಲಿಯವರೆಗೆ ಸಿಮ್ ಕಾರ್ಡ್ ಅಂದರೆ ಶ್ರೀಮಂತರ ವಸ್ತು, ಆಮೇಲೆ ಒಂದೂವರೆ ಡಾಲರಿಗೆ ಸಿಗತೊಡಗಿತು. ಜನರಿಗೆ ಇಂಟರ್ನೆಟ್ ಅಂದರೆ ಫೇಸ್‌ಬುಕ್, ಅಷ್ಟೇ. ಅದೇ ವರ್ಷ ಜುಲೈನಲ್ಲಿ ಬೌದ್ಧ ಹುಡುಗಿಯ ಮೇಲೆ ಮುಸ್ಲಿಮರು ಅತ್ಯಾಚಾರ ಮಾಡಿದರು ಎಂಬ ಸುಳ್ಳು ಸುದ್ದಿ ಫೇಸ್‌ಬುಕ್ಕಿನಲ್ಲಿ ಹರಡಿ ಮಂಡಾಲೆಯಲ್ಲಿ ಗಲಭೆಯಾಗಿ ಇಬ್ಬರು ಸತ್ತರು. ಅಲ್ಲಿದ್ದ ಕಾರ್ಯಕರ್ತರು, ಸಂಶೋಧಕರು ಕಂಪನಿಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟರು. ಆದರೆ 2015ರ ಆರಂಭದಲ್ಲಿ ಫೇಸ್‌ಬುಕ್ಕಿನಲ್ಲಿ ಅಲ್ಲಿನ ಭಾಷೆ ಬರ್ಮೀಸ್ ಬಲ್ಲ, ಪೋಸ್ಟ್ ಪರಿಶೀಲಿಸುವ ಜನ ಇದ್ದದ್ದು ಇಬ್ಬರೇ ಇಬ್ಬರು ಎಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು.

ಜೊತೆಗೆ ಅಕ್ಷರದ ತೊಡಕು. ಅಲ್ಲಿನ ಬಹುಪಾಲು ಫೋನುಗಳಲ್ಲಿ ಇದ್ದದ್ದು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲ, ಝೋಜಿ ಎಂಬ ಬೇರೆ ಫಾಂಟ್. ಹಳೆಯ ನುಡಿ, ಬರಹ ಫಾಂಟಿನ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕಂಗಾಲಾದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಝೋಜಿಯಲ್ಲಿ ಬರೆದದ್ದನ್ನು ಕಂಪನಿಯ ಯಂತ್ರಕ್ಕೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ದೇಶವೇ ಯೂನಿಕೋಡಿಗೆ ಅಧಿಕೃತವಾಗಿ ಬದಲಾದದ್ದು 2019ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. 2017ರ ಆಗಸ್ಟಿನಿಂದ ಸೇನೆಯ ದಾಳಿಗೆ ಹೆದರಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಊರು ಬಿಟ್ಟು ಬಾಂಗ್ಲಾದೇಶಕ್ಕೆ ಓಡಿದರು. ದ್ವೇಷ ಹರಡುವುದರಲ್ಲಿ ಸಾಮಾಜಿಕ ಜಾಲತಾಣಗಳ ಪಾತ್ರ ದೊಡ್ಡದು ಎಂದು ವಿಶ್ವಸಂಸ್ಥೆಯ ತನಿಖಾ ತಂಡ ಹೇಳಿತು. ನಾವು ಸಾಕಷ್ಟು ಮಾಡಲಿಲ್ಲ ಎಂದು 2018ರ ನವೆಂಬರಿನಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಆ ಹೊತ್ತಿಗೆ ಬರ್ಮೀಸ್ ಬಲ್ಲವರು ಸುಮಾರು ನೂರು ಜನ ಕೆಲಸಕ್ಕಿದ್ದರು. ಅಂದರೆ ಜನ ಸಿಗುತ್ತಿದ್ದರು. ಹುಡುಕಿರಲಿಲ್ಲ.

ಕರ್ನಾಟಕ ಮ್ಯಾನ್ಮಾರ್ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ 2012ರ ಆಗಸ್ಟ್ ನೆನಪಿದೆಯಾ? ಎಸ್‌ಎಂಎಸ್‌ನಲ್ಲೂ ಜಾಲತಾಣಗಳಲ್ಲೂ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುಳ್ಳಿಗೆ ಬೀದರ್ ಜಿಲ್ಲೆಯಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ನಮ್ಮಲ್ಲೂ ಸುಳ್ಳಿಗೆ ಕಾಲು ಬರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

2021ರಲ್ಲಿ ಫೇಸ್‌ಬುಕ್ಕಿನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಹೊರಗೆ ತಂದ ಫೇಸ್‌ಬುಕ್ ಒಳದಾಖಲೆಗಳಲ್ಲಿ ಒಂದು ಲೆಕ್ಕ ಇತ್ತು. ಸುಳ್ಳು ಸುದ್ದಿ ಗುರುತಿಸಲು ಮೀಸಲಿಟ್ಟ ಬಜೆಟ್ಟಿನಲ್ಲಿ 87% ಅಮೆರಿಕಕ್ಕೆ, ಉಳಿದ ಇಡೀ ಜಗತ್ತಿಗೆ 13%. ಆ ಅಂಕಿ ಪೂರ್ತಿ ಚಿತ್ರ ಅಲ್ಲ ಎಂದು ಕಂಪನಿ ಹೇಳಿತು. ಸರಿ, ಹಾಗಾದರೆ ಪೂರ್ತಿ ಚಿತ್ರ ಕೊಡಿ. ಭಾರತದ ಸಂವಿಧಾನ ಗುರುತಿಸಿದ 22 ಭಾಷೆಗಳಲ್ಲಿ ಐದಕ್ಕೆ ಮಾತ್ರ ತನ್ನ ಎಐ ತರಬೇತಿ ಆಗಿದೆ ಎಂದು ಆಗ ಕಂಪನಿಯೇ ಹೇಳಿತ್ತು.

ಲೆಕ್ಕ ಕೊಡಲು ಆಗುವುದೇ ಇಲ್ಲ ಅಂತೇನೂ ಇಲ್ಲ. ಯೂರೋಪ್ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆಕ್ಟ್ ಪ್ರಕಾರ ದೊಡ್ಡ ಕಂಪನಿಗಳು ಅಲ್ಲಿನ ಒಂದೊಂದು ಅಧಿಕೃತ ಭಾಷೆಗೂ ಎಷ್ಟು ಜನ ಇದ್ದಾರೆ ಎಂದು ಬರೆದು ಪ್ರಕಟಿಸಬೇಕು. 2023ರ ಮೊದಲ ವರದಿಯಲ್ಲಿ ಎಕ್ಸ್ ಕೊಟ್ಟ ಲೆಕ್ಕ: ಇಂಗ್ಲಿಷ್‌ಗೆ 2,294, ಪೋಲಿಷ್‌ಗೆ ಒಬ್ಬರು, ಡಚ್‌ಗೆ ಒಬ್ಬರು. ಇಡೀ ಪೋಲೆಂಡಿನ ಭಾಷೆಗೆ ಒಬ್ಬರು! ಆ ಸಂಖ್ಯೆ ಹೊರಬಂದದ್ದರಿಂದಲೇ ಜನ ಪ್ರಶ್ನೆ ಕೇಳಿದರು, ಪತ್ರಿಕೆಗಳು ಬರೆದವು. ನಮ್ಮ 2021ರ ಐಟಿ ನಿಯಮಗಳೂ ತಿಂಗಳ ವರದಿ ಕೊಡಿ ಅನ್ನುತ್ತವೆ. ಎಷ್ಟು ದೂರು ಬಂತು, ಏನು ಕ್ರಮ ಆಯಿತು ಎಂದು ಕಂಪನಿಗಳು ಬರೆಯುತ್ತವೆ. ಅದರಲ್ಲಿ ಕನ್ನಡದ್ದು ಎಷ್ಟು, ಓದಿದವರು ಯಾರು ಎನ್ನುವುದು ಇಲ್ಲ. ಒಂದು ಕಾಲಂ ಸೇರಿಸಿದರೆ ಸಾಕು. ನಮ್ಮ ಸಂಸದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದನ್ನು ಕೇಳಬೇಕು. ಅಂಗಡಿ ಬೋರ್ಡಿನ ಬಗ್ಗೆ ತೋರಿಸುವ ಕಾಳಜಿ ಇಲ್ಲೂ ಬೇಕು ಅಲ್ವಾ?

ತುಳುವಿನ ಪಾಡು ಇನ್ನೂ ಕಷ್ಟ. 2011ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಮಾತಾಡುತ್ತಿದ್ದ ಭಾಷೆ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾ ಪಟ್ಟಿಯಲ್ಲಿ ಇಲ್ಲ. ನಿಯಮಗಳನ್ನು ಬಳಕೆದಾರರ ಭಾಷೆಯಲ್ಲಿ ತಿಳಿಸಿ ಎಂದು 2022ರಲ್ಲಿ ಐಟಿ ನಿಯಮಗಳಿಗೆ ಆದ ತಿದ್ದುಪಡಿ ಆ ಪರಿಚ್ಛೇದದ ಭಾಷೆಗಳಿಗೆ ಮಾತ್ರ. ತುಳುವರು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಹಾಗಾಗಿ ಕನ್ನಡ ಬಲ್ಲ ಒಬ್ಬರ ಕೈಗೆ ಆ ದೂರು ಸಿಕ್ಕರೂ ಅವರು ಬೆಂಗಳೂರಿನವರಾಗಿದ್ದರೆ ಅಕ್ಷರ ಓದಬಹುದೇ ಹೊರತು ಅರ್ಥ ಆಗುವುದಿಲ್ಲ. ಕೊಡವ, ಬ್ಯಾರಿ ಮಾತಾಡುವವರ ಗತಿಯೂ ಇದೇ.

ರಿಪೋರ್ಟ್ ತಿರಸ್ಕಾರ ಆದರೆ ಅಲ್ಲಿಗೇ ಬಿಡಬೇಡಿ. ಕಂಪನಿಯ ಭಾರತದ ದೂರು ಅಧಿಕಾರಿಗೆ ಬರೆಯಿರಿ, ದೂರು ತಲುಪಿದೆ ಎಂದು 24 ಗಂಟೆಯೊಳಗೆ ಅವರು ತಿಳಿಸಬೇಕು. ಮೂಲ ಮಾತನ್ನು ಹಾಗೇ ಕೊಟ್ಟು, ನಮ್ಮ ಕಡೆ ಇದರ ಅರ್ಥ ಏನು ಎಂದು ಎರಡು ಸಾಲು ಸೇರಿಸಿ. ಲಿಂಕ್, ಸ್ಕ್ರೀನ್‌ಶಾಟ್, ದಿನಾಂಕ ಇಟ್ಟುಕೊಳ್ಳಿ. ಅವರ ಉತ್ತರ ಸರಿ ಅನಿಸದಿದ್ದರೆ 30 ದಿನದೊಳಗೆ ಕೇಂದ್ರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು. ಜೀವಕ್ಕೆ ಬೆದರಿಕೆ ಇದ್ದರೆ ಇದಕ್ಕೆಲ್ಲ ಕಾಯದೆ ಸೀದಾ ನಿಮ್ಮ ಜಿಲ್ಲೆಯ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮತ್ತು ದೂರು ಅಧಿಕಾರಿಗೆ ಬರೆಯುವಾಗ ಕೊನೆಗೆ ಈ ಸಾಲನ್ನೂ ಹಾಕಿ: ನನ್ನ ಮೊದಲ ದೂರನ್ನು ಕನ್ನಡ ಬಲ್ಲ ಮನುಷ್ಯರು ಓದಿದ್ದಾರಾ, ತಿಳಿಸಿ.