ಏಳನೇ ಹಾಳೆ ಸೀಳಲಿಲ್ಲ

ಏಳನೇ ಹಾಳೆ ಅಂತೂ ಒಂದೇ ತುಂಡಾಗಿ ಕುಲುಮೆಯಿಂದ ಹೊರಬಂತು. ಮೊದಲಿನ ಆರೂ ಸೀಳಿದ್ದವು. ಎರಡು ತಿಂಗಳು ಸುಮ್ಮನೆ ಕುಲುಮೆಯನ್ನು ಬೈದೆ.

ಮಾಡುತ್ತಿರುವುದು ಫ್ಯುಯೆಲ್ ಸೆಲ್‌ನ (ಇಂಧನದಿಂದ ನೇರವಾಗಿ ವಿದ್ಯುತ್ ತೆಗೆಯುವ ಸಾಧನ) ಪೊರೆ; ಜಿರ್ಕೋನಿಯಾ ಎಂಬ ಸೆರಾಮಿಕ್‌ನದು, 8 ಮೋಲ್ ಶೇಕಡಾ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡ್ ಬೆರೆತದ್ದು. 800 ಡಿಗ್ರಿ ಆಸುಪಾಸಿನಲ್ಲಿ ಆಕ್ಸಿಜನ್ ಅಯಾನು (ವಿದ್ಯುದಾವೇಶ ಹೊತ್ತ ಕಣ) ಇದರೊಳಗೆ ಹರಿಯಬೇಕು, ಅನಿಲ ಮಾತ್ರ ನುಸುಳಬಾರದು. ನನ್ನ ಕಣ್ಣಿರುವುದು ಹೈಡ್ರೋಜನ್ ಬೇರ್ಪಡಿಸುವ ಬೇರಿಯಂ ಜಿರ್ಕೋನೇಟ್ ಎಂಬ ಬೇರೆ ಸೆರಾಮಿಕ್ ಮೇಲೆ. ಆದರೆ ಅದು ಗಟ್ಟಿಯಾಗಲು 1600 ಡಿಗ್ರಿಯಷ್ಟು ಬೇಕು, ಆ ಕಾವಿಗೆ ಬೇರಿಯಂ ಆವಿಯಾಗಿ ಹಾರುತ್ತದೆ. ಚೂರು ನಿಕಲ್ ಆಕ್ಸೈಡ್ ಹಾಕಿ 1450ರ ಹತ್ತಿರಕ್ಕೆ ಇಳಿಸುತ್ತಾರೆ. ನನ್ನ ಸಿಲಿಕಾನ್ ಕಾರ್ಬೈಡ್ ಸರಳಿನ ಕುಲುಮೆಗೆ 1400ಕ್ಕೇ ಏದುಸಿರು, ಅದಕ್ಕೇ ಸದ್ಯಕ್ಕೆ ಜಿರ್ಕೋನಿಯಾ.

ಪುಡಿ, ದ್ರಾವಕವಾಗಿ ಎಥನಾಲ್, ಟೊಲುಯಿನ್, ಅಂಟಿಗೆ ಪಿವಿಬಿ ಎಂಬ ರಾಳ ಸೇರಿಸಿ ಬಾಲ್ ಮಿಲ್‌ನಲ್ಲಿ (ಗುಂಡು ಹಾಕಿ ಉರುಳಿಸುವ ಡಬ್ಬಿ) ಎರಡು ದಿನ ತಿರುಗಿಸಿದ ಸ್ಲರಿಯನ್ನು, ಅಂದರೆ ಹಿಟ್ಟಿನಂಥ ದ್ರವವನ್ನು, ಮೈಲಾರ್ ಪ್ಲಾಸ್ಟಿಕ್ ಹಾಳೆಯ ಮೇಲೆ 250 ಮೈಕ್ರಾನ್ ಸಂದಿನ ಬ್ಲೇಡಿನಿಂದ ಎಳೆಯುತ್ತೇನೆ. ಆರನೇ ಹಾಳೆಯನ್ನು ಸುಡುವ ಮೊದಲು ಟಾರ್ಚ್ ಹಿಡಿದು ನೋಡಿದರೆ, ಕೂದಲೆಳೆಯಂಥ ಬಿರುಕು ಆಗಲೇ ಇತ್ತು!

ಚಿಕ್ಕಮಗಳೂರಿನ ಆಷಾಢದ ಮಳೆ, ಒಣಗಲ್ಲ ಅಂತ ಫ್ಯಾನ್ ಹಾಕಿದ್ದೆ. ಕಾಫಿ ಕಣದಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು: ಹಸಿ ಪಾರ್ಚ್‌ಮೆಂಟನ್ನು (ತಿರುಳು ತೆಗೆದು ತೊಳೆದ, ಒಳಸಿಪ್ಪೆ ಇರುವ ಕಾಫಿ ಬೀಜ) ಸುಡುಬಿಸಿಲಿಗೆ ಒಮ್ಮೆಲೇ ಹರವಿದರೆ ಸಿಪ್ಪೆ ಬಿರಿಯುತ್ತದೆ. ಇಲ್ಲೂ ಮೇಲ್ಪದರ ಒಣಗಿ ಕುಗ್ಗುತ್ತದೆ, ಕೆಳಗಿನದು ಮೈಲಾರಿಗೆ ಕಚ್ಚಿಕೊಂಡು ಬಿಡುವುದಿಲ್ಲ. ಮೇಲಾಗಿ, ದ್ರಾವಕ ಹಾರುವಾಗ ಹಾಳೆ ತಣ್ಣಗಾಗಿ ಗಾಳಿಯ ತೇವ ಕುಡಿದು ಬೆಳ್ಳಗೆ ಮಬ್ಬಾಗುತ್ತಿತ್ತು. ಏಳನೆಯದನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ, ಮುಚ್ಚಳ ಕೊಂಚವೇ ತೆರೆದು, ಒಂದು ಹಗಲು ಒಂದು ರಾತ್ರಿ ಬಿಟ್ಟೆ.

ಆಮೇಲಿನದು ಕಾಯುವ ಕೆಲಸ. 200ರಿಂದ 500 ಡಿಗ್ರಿವರೆಗೆ ನಿಮಿಷಕ್ಕೆ ಒಂದೇ ಡಿಗ್ರಿ, ಅಂದರೆ ಅಂಟು ಉರಿದುಹೋಗಲು ಐದು ಗಂಟೆ. ಕರೆಂಟ್ ಹೋಗದಿರಲಿ ಅಂತ ಕುಲುಮೆ ಪಕ್ಕದಲ್ಲೇ ಕೂತಿದ್ದೆ. ಅಂಚು ಹಪ್ಪಳದ ಹಾಗೆ ಮುದುಡದಿರಲು ಮೇಲೊಂದು ಅಲ್ಯುಮಿನಾ ತಟ್ಟೆ. 50 ಮಿ.ಮೀ. ಬಿಲ್ಲೆ 40ಕ್ಕೆ ಇಳಿದು ಬಂತು, ಉಗುರು ತಾಗಿಸಿದರೆ ಟಿಣ್ ಅನ್ನುತ್ತದೆ.

ಕುಣಿಯುವಷ್ಟರಲ್ಲಿ ಕೆಂಪು ಶಾಯಿ ಬಳಿದು ನೋಡಿದೆ. ಹಿಂಬದಿಯಲ್ಲಿ ಎರಡು ಚುಕ್ಕೆ ಮೂಡಿದವು, ಸಾಸಿವೆಗಿಂತ ಸಣ್ಣವು. ಗುಳ್ಳೆಯೋ ಧೂಳೋ, ಸೂಜಿತೂತಂತೂ ಹೌದು; ಹೈಡ್ರೋಜನ್‌ಗೆ ಅದು ಹೆಬ್ಬಾಗಿಲು. ಎಂಟನೆಯದಕ್ಕೆ ಸ್ಲರಿ ಸೋಸಿಯೇ ಸುರಿಯುವುದು. ಅಮ್ಮನ ಹಿಟ್ಟಿನ ಜರಡಿ ಮುಟ್ಟುವ ಹಾಗಿಲ್ಲ, ನೈಲಾನ್ ಬಟ್ಟೆ ತರಬೇಕು.