ಇಸಾಕ ಎಷ್ಟು ಅಡಿ ತೋಡಿಸಿದ್ದ?

ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಂಗಡಿ ಮುಂದೆ ಒಂದು ಬಿಳಿ ಬೋರ್ಡು. ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅದರ ಮೇಲೆ ನಾಲ್ಕು ಸಾಲು ಬರೆಯುತ್ತೇನೆ. ಹಿಂದಿನ ದಿನ ಕಣ್ಣಿಗೆ ಬಿದ್ದ ಯಾವುದೋ ಒಂದು ಸಂಗತಿ, ಅದರ ಕೆಳಗೆ ಬೈಬಲಿನ ಒಂದು ವಚನ. ಇಷ್ಟೇ. ಏಳೆಂಟು ವರ್ಷದಿಂದ ಬರೆಯುತ್ತಿದ್ದೇನೆ. ಅಷ್ಟೇ ವರ್ಷದಿಂದ ಒಂದೇ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದೇನೆ: "ಬ್ರದರ್, ದಿನಾ ಎಲ್ಲದಕ್ಕೂ ಒಂದೊಂದು ವಚನ ಹೇಗೆ ಹುಡುಕ್ತೀರಾ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಪ್ರಿಂಟ್ ತೆಗೆದು ಕೈಗೆ ಕೊಡುತ್ತೇನೆ. ಒಂದು ಪ್ರತಿ ಫ್ರೀ. ಎರಡನೇದಕ್ಕೆ ಎರಡು ರೂಪಾಯಿ.

ಪಹಣಿ ಜೆರಾಕ್ಸ್ ಮಾಡಿಸೋಕೆ ಬರುವ ಹಿರಿಯರೊಬ್ಬರಿದ್ದಾರೆ. ವಚನ ಅಂದರೆ ಬಸವಣ್ಣನವರದೇ ಅಂದುಕೊಂಡು ಎರಡು ವರ್ಷ ಬೋರ್ಡನ್ನು ಮೆಚ್ಚಿ ಮೆಚ್ಚಿ ಓದಿದರು. ಕೆಳಗೆ ಬರೆದಿದ್ದ "ಮತ್ತಾಯ 6:34" ಏನು ಅಂತ ಯೋಚಿಸಿದರೋ ಗೊತ್ತಿಲ್ಲ, ಯಾರದೋ ಬಸ್ಸಿನ ಟೈಮು ಅಂದುಕೊಂಡಿರಬೇಕು. ವಿಷಯ ತಿಳಿದ ಮೇಲೂ ಓದುವುದು ಬಿಟ್ಟಿಲ್ಲ. ಅವರು ಈ ಪ್ರಶ್ನೆಯನ್ನು ಒಂದು ದಿನವೂ ಕೇಳಿಲ್ಲ. ಕೇಳುವವರೆಲ್ಲ ನಮ್ಮ ಸಭೆಯವರೇ, ಅಂದರೆ ಚರ್ಚಿನವರೇ.

ಅದರಲ್ಲೂ ಒಬ್ಬ ಹುಡುಗ. ಯೌವನಸ್ಥರ ಕೂಟದಲ್ಲಿ ಅವನು ಸಂದೇಶ ಕೊಡಬೇಕಿತ್ತು. "ಅಣ್ಣಾ, ಟೆಕ್ನಿಕ್ ಹೇಳ್ಕೊಡಿ. ಈಗ ಗ್ಯಾಸ್ ಸಿಲಿಂಡರ್ ಅಂತ ಇಟ್ಕೊಳ್ಳಿ. ಅದಕ್ಕೆ ಯಾವ ವಚನ?"

"ಖಾಲೀದಾ, ತುಂಬಿರೋದಾ?" ಅಂದೆ.

ತಮಾಷೆಗೆ ಅಂದದ್ದು. ಅವನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ! ಮುಂದಿನ ಭಾನುವಾರ ಖಾಲಿ ಸಿಲಿಂಡರ್, ತುಂಬಿದ ಸಿಲಿಂಡರ್ ಅಂತ ಮುಕ್ಕಾಲು ಗಂಟೆ ಮಾತಾಡಿದ. ಯೇಸು ಹೇಳಿದ ಸಾಮ್ಯದಲ್ಲಿ ಬರುವ, ದೀಪದ ಎಣ್ಣೆ ತೀರಿದ ಐದು ಜನ ಕನ್ಯೆಯರು, ಎಣ್ಣೆ ಇಟ್ಟುಕೊಂಡಿದ್ದ ಐದು ಜನ. ಬಹಳ ಚೆನ್ನಾಗಿತ್ತು ಅಂತ ಎಲ್ಲರೂ ಹೊಗಳಿದರು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ನನಗೆ ಸಿಟ್ಟು ಬರುವುದು ಆ "ಹುಡುಕ್ತೀರಾ" ಅನ್ನೋ ಮಾತಿಗೆ. ಹುಡುಕೋದೇ ಆದರೆ ಫೋನ್ ಸಾಕು, ನಾನು ಬೇಕಿಲ್ಲ. ನೀರು ಅಂತ ಒತ್ತಿದರೆ ನೂರಾರು ವಚನ ಬಂದು ಬೀಳುತ್ತವೆ. ಅದರಲ್ಲಿ ನೋಹನ ಕಾಲದ ಜಲಪ್ರಳಯವೂ ಇರುತ್ತದೆ. ಮೋಡ ನಮ್ಮ ತಲೆ ಮೇಲೆ ಹಾದುಹೋಗಿ ಇನ್ನೆಲ್ಲೋ ಸುರಿಯುವ ಈ ಊರಲ್ಲಿ ಅದನ್ನು ಬೋರ್ಡಿಗೆ ಬರೆಯೋಕಾಗುತ್ತಾ?

ಹೀಗೆ ಹುಡುಕಿ ಅಂಟಿಸಿದ್ದರ ಫಲ ನಮ್ಮ ಮನೆಗಳ ಗೋಡೆ ಮೇಲೇ ಇದೆ. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 ಬಂದರೆ ಎಲ್ಲರಿಗೂ ಖುಷಿ. ನಿಮಗೆ ಕೇಡಲ್ಲ, ಒಳ್ಳೆಯದನ್ನೇ ಯೋಚಿಸಿದ್ದೇನೆ ಅಂತ ದೇವರು ಹೇಳುವ ಮಾತು. ಅದರ ಹಿಂದಿನ ವಚನವನ್ನು ಯಾರೂ ಪ್ರಿಂಟ್ ಮಾಡಿಸುವುದಿಲ್ಲ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. 70 ವರ್ಷ ಆದ ಮೇಲೆ ವಾಪಸ್ ಕರೆಸಿಕೊಳ್ಳುತ್ತೇನೆ, ಅಲ್ಲಿವರೆಗೂ ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಅಂತ ಇದೆ. ಅಂದರೆ ಕಾಗದ ಓದಿಸಿಕೊಂಡವರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಮಣ್ಣಾಗುತ್ತಾರೆ. ಇದನ್ನು ಸೇರಿಸಿ ಕಾರ್ಡು ಮಾಡಿದರೆ ಯಾರು ತಗೊಳ್ತಾರೆ? ಸಾಲು ಸರಿಯಾಗಿ ಹೇಳಿ ಜಾಗ ತಪ್ಪಿಸುವುದರಲ್ಲಿ ಮೊದಲನೇ ನಂಬರ್ ಯಾರದು ಅಂತ ಮತ್ತಾಯ ನಾಲ್ಕರಲ್ಲಿ ಓದಿ. ದೇವಾಲಯದ ತುದಿಗೆ ನಿಲ್ಲಿಸಿ, ಧುಮುಕು, ದೂತರು ಹಿಡ್ಕೊಳ್ತಾರೆ ಅಂತ 91ನೇ ಕೀರ್ತನೆ ಹೇಳಿದವನು ಸೈತಾನ.

ಹಾಗಂತ ನಾನೇನು ಸಾಚಾ ಅಲ್ಲ. 2023ರ ಜುಲೈ ನೆನಪಿರಬೇಕು. ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಊರಿಗೆ ಊರೇ ಅದೇ ಮಾತು. ನಾನೂ ಹುಮ್ಮಸ್ಸಿನಲ್ಲಿ ಟೊಮೆಟೊ ಸುದ್ದಿ ಬರೆದು, ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ ಅನ್ನೋ ಗಲಾತ್ಯದ ಮಾತನ್ನು ಕೆಳಗೆ ಹಾಕಿದೆ. ಆಧಾರ್ ಜೆರಾಕ್ಸಿಗೆ ಬಂದಿದ್ದ ಹೆಂಗಸೊಬ್ಬರು ಚಿಲ್ಲರೆ ಎಣಿಸುತ್ತಾ ಬೋರ್ಡು ಓದಿದರು.

"ನಾವೂ ಟೊಮೆಟೋನೇ ನಾಟಿ ಮಾಡಿದ್ದು ಸಾರ್. ಎಲೆ ಮುದುರೋ ರೋಗ ಬಂತು. ಒಂದು ಬಾಕ್ಸೂ ಸಿಗಲಿಲ್ಲ."

ಜಗಳಕ್ಕೆ ಅಂದಿದ್ದಲ್ಲ. ಸುಮ್ನೆ ಅಂದರು, ಚಿಲ್ಲರೆ ಕೊಟ್ಟು ಹೋದರು. ನಾನು ಬೋರ್ಡು ಒರೆಸಿದೆ. ಮಾರ್ಕರ್ ಗಟ್ಟಿಯಾಗಿ ಅಂಟಿತ್ತು, "ಕೊಯ್ಯು" ಅನ್ನೋದು ಮಧ್ಯಾಹ್ನದವರೆಗೂ ಮಸುಕಾಗಿ ಕಾಣುತ್ತಲೇ ಇತ್ತು.

ಆದರೂ ಇದು ಚಿಕ್ಕದು. ದೊಡ್ಡ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ, ಚಿಕ್ಕಪ್ಪನ ತೋಟದಲ್ಲಿ. ಅದನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಇಲ್ಲ.

ಚಿಕ್ಕಪ್ಪನ ತೋಟ ಇರುವುದು ಮುಳಬಾಗಿಲು ಕಡೆ, ಚಿಕ್ಕಮ್ಮನ ಊರಲ್ಲಿ. ಎರಡು ಬೋರು ಫೇಲ್ ಆಗಿ ಮೂರನೇದು ಹಾಕಿಸುತ್ತಿದ್ದರು. ಪಾಯಿಂಟ್ ತೋರಿಸಿದವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಓಡಾಡಿದ್ದ, ಒಂದು ಕಡೆ ಕಾಯಿ ಎದ್ದು ನಿಂತಿತ್ತು. "ಅಯ್ಯನೋರಿಗೆ ಹೇಳ್ಬೇಡ ಕಣೋ" ಅಂದಿದ್ದರು ಚಿಕ್ಕಪ್ಪ. ಅದೇ ಅಯ್ಯನವರು, ಅಂದರೆ ಚರ್ಚಿನ ಪಾಸ್ಟರು, ಸಂಜೆ ಬಂದು ಅದೇ ಪಾಯಿಂಟ್ ಮೇಲೆ ನಿಂತು ಪ್ರಾರ್ಥನೆ ಮಾಡಿ ಹೋದರು. ಎರಡೂ ಕಡೆ ಒಂದು ಮಾತು ಹೇಳಿಟ್ಟಂಗಾಯ್ತು.

ನಾನು ಹೋದಾಗ ರಾತ್ರಿ ಹತ್ತು ಗಂಟೆ. ಲಾರಿ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಮಾವಿನ ಎಲೆಗಳ ಮೇಲೆಲ್ಲ ಬಿಳಿ ಕಲ್ಲು ಧೂಳು. ಚಿಕ್ಕಪ್ಪ ಟವೆಲ್ ತಲೆಗೆ ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. 20 ಅಡಿಯ ಒಂದೊಂದು ರಾಡು ಇಳಿದಾಗಲೂ ಒಂದೊಂದು ಬೆಣಚು ಕಲ್ಲು ಎತ್ತಿ ಪಕ್ಕಕ್ಕಿಡುತ್ತಿದ್ದರು. ನಾನು ಎಣಿಸಿದೆ. 35 ಇತ್ತು. 700 ಅಡಿ. ಬರೀ ಧೂಳು.

ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕೂತ ಯೋಬನ ಗೆಳೆಯರು ಅವನನ್ನು ನೋಡೋಕೆ ಬಂದು ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ನನ್ನ ಕೈಲಿ ಏಳು ನಿಮಿಷ ಆಗಲಿಲ್ಲ.

"ಚಿಕ್ಕಪ್ಪಾ, ಇಸಾಕನೂ ಮೂರು ಬಾವಿ ತೋಡಿಸಿದ. ಮೂರನೇದಕ್ಕೆ ರೆಹೋಬೋತ್ ಅಂತ ಹೆಸರಿಟ್ಟ. ನಿಮ್ದೂ ಇದು ಮೂರನೇದು" ಅಂತ ಅವರ ಕಿವಿ ಹತ್ತಿರ ಕೂಗಿ ಹೇಳಿದೆ. ರೆಹೋಬೋತ್ ಅಂದರೆ ವಿಶಾಲವಾದ ಜಾಗ.

ಚಿಕ್ಕಪ್ಪ ಇನ್ನೊಂದು ಕಲ್ಲು ಇಟ್ಟರು.

"ಇಸಾಕ ಎಷ್ಟು ಅಡಿ ತೋಡಿಸಿದ್ದ?"

"ಗೊತ್ತಿಲ್ಲ ಚಿಕ್ಕಪ್ಪ."

"ಅಡಿಗೆ ಎಷ್ಟು ಕೊಟ್ಟನಂತೆ?"

ಆಮೇಲೆ ನಾನು ಇದನ್ನೂ ವಿಚಾರಿಸಿದೆ, ನನ್ನ ಬುದ್ಧಿ ಇಷ್ಟೇ. ಇಸಾಕನ ಬಾವಿಗಳ ಆಳ ಬೈಬಲಿನಲ್ಲಿಲ್ಲ. ಅವನ ಮಗ ಯಾಕೋಬನದು ಅಂತ ಹೇಳುವ ಬಾವಿ ನಾಬ್ಲಸ್ ಹತ್ತಿರ ಈಗಲೂ ಇದೆ. ನಿನ್ನ ಹತ್ರ ಸೇದೋಕೆ ಏನೂ ಇಲ್ಲ, ಬಾವಿ ಬೇರೆ ಆಳ ಅಂತ ಸಮಾರ್ಯದ ಹೆಂಗಸು ಯೇಸುವಿಗೆ ಹೇಳಿದ್ದು ಆ ಬಾವಿಯ ಹತ್ತಿರವೇ. ಆಳ ಸುಮಾರು 40 ಮೀಟರ್. ಅಂದರೆ 130 ಅಡಿ. ನಮ್ಮಲ್ಲಿ 130 ಅಡಿ ಅಂದರೆ ಲಾರಿ ಹುಡುಗರು ಮೊದಲನೇ ಟೀ ಕುಡಿಯುವ ಹೊತ್ತು.

ಬೆಳಗಿನ ಜಾವ ನಾಲ್ಕಕ್ಕೆ ಲಾರಿ ನಿಂತಿತು. ಕಲ್ಲು 65. 1,300 ಅಡಿ. ಕೊನೆ ಕೊನೆಗೆ ಬಂದ ಧೂಳು ಕೂಡ ಬೆಚ್ಚಗಿತ್ತು. ಲಾರಿ ಹೊರಟ ಮೇಲೆ ಆ ಮೌನ ಕಿವಿಗೆ ಹೊಡೆದಂಗಾಯ್ತು. ಚಿಕ್ಕಮ್ಮ ಒಳಗಿಂದ ಕಾಫಿ ತಂದರು. ಯಾರೂ ಏನೂ ಕೇಳಲಿಲ್ಲ.

ಬೆಳಕು ಹರಿದ ಮೇಲೆ ಚಿಕ್ಕಪ್ಪ ಮುಖ ತೊಳೆದು, ಕನ್ನಡಕ ಹಾಕಿ, ಬೈಬಲ್ ತೆಗೆದು ಆದಿಕಾಂಡ 26 ಓದಿದರು. ಮನಸ್ಸಿನಲ್ಲೇ, ಬೆರಳಿಟ್ಟು. ಆಮೇಲೆ ನನ್ನ ಕಡೆ ತಿರುಗಿದರು.

"ಪೂರ್ತಿ ಓದಿದ್ಯೇನೋ ಇದನ್ನ? ಮೊದಲನೇ ಬಾವೀಲೂ ನೀರು ಬಂದಿತ್ತು. ಉಕ್ಕೋ ನೀರು ಅಂತ ಬರೆದವ್ರೆ ನೋಡು. ಗೆರಾರಿನ ಕುರುಬ್ರು ನೀರು ನಮ್ದು ಅಂತ ಜಗಳಕ್ಕೆ ಬಂದ್ರು, ಬಿಟ್ಟು ಹೋದ. ಎರಡನೇದಕ್ಕೂ ಅದೇ ಜಗಳ, ಅದನ್ನೂ ಬಿಟ್ಟ. ಇದು ಬೋರ್ ಫೇಲ್ ಆದವನ ಕತೆ ಅಲ್ಲ ಕಣೋ. ನೀರಿರೋ ಬಾವೀನ ಬಿಟ್ಟು ಎದ್ದೋದವನ ಕತೆ."

ಸ್ವಲ್ಪ ಹೊತ್ತು ಬಿಟ್ಟು ಅಂದರು: "ಇದು ನನಗೆ ಅಲ್ಲ. ನಿನಗೆ."

ಯಾಕೆ ಹಾಗಂದರು ಅನ್ನೋದಕ್ಕೆ ನಮ್ಮ ಮನೆ ವಿಷಯ ಹೇಳಬೇಕು. ನಮ್ಮ ಮುತ್ತಜ್ಜನ ಅಪ್ಪ 1876–78ರ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಕೋಲಾರದ ಮಿಷನ್ ಸೇರಿದ ಹುಡುಗ. ಮಿಸ್ ಆನ್‌ಸ್ಟಿ ಅನ್ನೋ ಇಂಗ್ಲೆಂಡಿನ ಹೆಂಗಸು ಆಗ ಇಲ್ಲಿ ಅನಾಥ ಮಕ್ಕಳನ್ನು ಸಾಕಿದರು, ಅವರ ಅನಾಥಾಲಯದಲ್ಲಿ ಬೆಳೆದವನು. ಮಳೆ ಬಾರದೆ ಕ್ರೈಸ್ತರಾದವರು ನಾವು. "ನಿಮ್ಮನ್ನ ಎಷ್ಟು ದುಡ್ಡು ಕೊಟ್ಟು ಸೇರಿಸ್ಕೊಂಡ್ರು" ಅಂತ ಕೇಳುವವರಿಗೂ ಇದೇ ಉತ್ತರ: ಎರಡು ಹೊತ್ತು ಗಂಜಿ.

ಮುಂದೆ ತಾತನ ಕಾಲಕ್ಕೆ ಒಂದಿಷ್ಟು ಜಮೀನಾಯಿತು. ಅದರಲ್ಲೊಂದು ಕಲ್ಲು ಕಟ್ಟಡದ ತೆರೆದ ಬಾವಿ. ಆ ಬಾವಿ ಒಣಗಿ ಇಪ್ಪತ್ತು ವರ್ಷವಾಗಿತ್ತು. ಜಾಲಿ ಗಿಡ, ಬಾಟ್ಲಿ, ಒಂದು ಹಳೇ ಟೈರು. ಯಾರಿಗೂ ಬೇಡದ ಬಾವಿ, ಯಾರಿಗೂ ಜಗಳ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರೋಕೆ ಶುರುವಾಯಿತಲ್ಲ, ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ನೀರು. ನಮ್ಮೂರ ಕೆರೆಯೂ ತುಂಬಿತು. ಮುಂದಿನ ವರ್ಷ ಬಾವಿಯಲ್ಲಿ ಒಸರು ಕಾಣಿಸಿತು. ಒಸರು ಕಂಡ ವಾರದಲ್ಲೇ ದೊಡ್ಡಪ್ಪನ ಮಗನಿಗೂ ನನಗೂ ಮಾತು ನಿಂತಿತು. ಬಾವಿ ಯಾರ ಪಾಲಿಗೆ ಬಂದಿದ್ದು ಅಂತ ಕೋರ್ಟಿನಲ್ಲಿ ಕೇಸು ನಡೀತಾ ಇದೆ. ಬೆಂಗಳೂರಿನವರು ಸ್ನಾನ ಮಾಡಿ ಬಿಟ್ಟ ನೀರಿಗೆ ನಾವು ಅಣ್ಣ ತಮ್ಮ ಕಿತ್ತಾಡುತ್ತಿದ್ದೇವೆ. ಗೆರಾರಿನ ಕುರುಬರೇ ವಾಸಿ, ಅವರು ಜಗಳ ಆಡಿದ್ದು ಉಕ್ಕುವ ನೀರಿಗೆ.

ಇನ್ನೊಂದು ಮಾತು ಬಿಟ್ಟೆ. ಆ ಬಾವಿಯಲ್ಲಿ ಚಿಕ್ಕಪ್ಪನಿಗೂ ಪಾಲಿತ್ತು. "ನಿಮ್ಮ ಜಗಳ ನೋಡೋಕಾಗಲ್ಲ, ನನಗೇನೂ ಬೇಡ" ಅಂತ ಸಹಿ ಹಾಕಿ ಬಿಟ್ಟುಕೊಟ್ಟು ಹೆಂಡತಿ ಊರಿಗೆ ಹೋದವರು ಅವರು. ಇಸಾಕ ಮಾಡಿದ್ದನ್ನೇ ಮಾಡಿದರು. ಅವರಿಗೆ ರೆಹೋಬೋತ್ ಸಿಗಲಿಲ್ಲ. ಸಿಕ್ಕಿದ್ದು 1,300 ಅಡಿ ಧೂಳು, ಮೇಲೆ ಸಾಲ.

ಇದಕ್ಕೆ ವಚನ ಯಾವುದು, ಹೇಳಿ ನೋಡೋಣ. ಐದು ವರ್ಷದಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಬಿಟ್ಟುಕೊಟ್ಟವರಿಗೆ ದೇವರು ಕೊಡುತ್ತಾನೆ ಅಂತ ಬರೆದರೆ ಚಿಕ್ಕಪ್ಪನ ಮುಖ ನೆನಪಾಗುತ್ತದೆ. ಕೊಡಲ್ಲ ಅಂತ ಬರೆಯೋಕೆ ನನಗೆ ಧೈರ್ಯ ಇಲ್ಲ. ಚಿಕ್ಕಪ್ಪನನ್ನೇ ಒಂದು ಸಲ ಕೇಳಿದೆ, ಬಿಟ್ಟುಕೊಟ್ಟಿದ್ದಕ್ಕೆ ಬೇಜಾರಿಲ್ವಾ ಅಂತ. "ರಾಗಿಗೆ ಮಳೆ ಸಾಕು" ಅಂದರು. ಮಾವಿನ ಗಿಡ ಉಳಿಸಿಕೊಂಡಿದ್ದಾರೆ, ಟ್ಯಾಂಕರ್ ನೀರು ಹಾಕಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹುಡುಕಲ್ಲ. ಟೆಕ್ನಿಕ್ ಇಲ್ಲ. ಬೆಳಿಗ್ಗೆ ಒಂದು ಅಧ್ಯಾಯ ಪೂರ್ತಿ ಓದುತ್ತೇನೆ, ಬೇಕಾದ ಒಂದು ಸಾಲನ್ನಲ್ಲ. ಆಮೇಲೆ ಅಂಗಡಿಗೆ ಬಂದು ಕಣ್ಣು ಬಿಟ್ಟು ಕೂರುತ್ತೇನೆ. ಎರಡೂ ಎಲ್ಲಾದರೂ ಒಂದಕ್ಕೊಂದು ತಾಗಿದರೆ ಬರೆಯುತ್ತೇನೆ. ತಾಗದ ದಿನ "ಇಂದು ಕಲರ್ ಪ್ರಿಂಟ್ 10 ರೂ." ಅಂತ ಬರೆಯುತ್ತೇನೆ. ಗಮನಿಸಿದ್ದರೆ ಗೊತ್ತಿರುತ್ತೆ, ಅಂಥ ದಿನಗಳೇ ಜಾಸ್ತಿ.

ನನ್ನನ್ನು ಕೇಳಬೇಕಿದ್ದದ್ದು ಬೇರೆ ಪ್ರಶ್ನೆ. ಯಾವ ವಚನವನ್ನು ಇಲ್ಲಿವರೆಗೂ ಬೋರ್ಡಿಗೆ ಬರೆದಿಲ್ಲ ಬ್ರದರ್, ಅಂತ ಒಬ್ಬರಾದರೂ ಕೇಳಬಹುದಿತ್ತು. ಆದಿಕಾಂಡ 26:22, ಯಾರೂ ಜಗಳಕ್ಕೆ ಬಾರದ ಆ ಮೂರನೇ ಬಾವಿಗೆ ಇಸಾಕ ರೆಹೋಬೋತ್ ಅಂತ ಹೆಸರಿಟ್ಟ ವಚನ. ಎರಡು ಸಲ ಮಾರ್ಕರ್ ತೆಗೆದಿದ್ದೇನೆ. ಎರಡು ಸಲವೂ ಮುಚ್ಚಳ ಹಾಕಿ ಒಳಗಿಟ್ಟಿದ್ದೇನೆ.

ದೊಡ್ಡಪ್ಪನ ಮಗ ದಿನಾ ನನ್ನ ಅಂಗಡಿ ಮುಂದೆಯೇ ಬೈಕಿನಲ್ಲಿ ಹೋಗುತ್ತಾನೆ. ನನ್ನ ಕಡೆ ನೋಡಲ್ಲ, ಬೋರ್ಡು ಓದುತ್ತಾನೆ. ಗೇರ್ ಇಳಿಸುವ ಸದ್ದು ಕೇಳಿಸುತ್ತೆ. ಮುಂದಿನ ತಿಂಗಳು ಮತ್ತೆ ವಾಯಿದೆ ಇದೆ. ವಾಯಿದೆಯ ಹಿಂದಿನ ದಿನ ಅವನೂ ಕಾಗದ ಜೆರಾಕ್ಸ್ ಮಾಡಿಸಬೇಕಲ್ಲ, ಎದುರಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಒಂದು ಪ್ರತಿಗೆ ಮೂರು ರೂಪಾಯಿ.